ಹಠಮಾರಿ ಕೊನೆಗೂ ಅಂಟಿಕೊಂಡಿತು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಚೋಟು,

ಹೇಗಿದ್ದೀಯ? ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಈಗ ಹೀಗೆ ಕೇಳಿದರೆ ನೀನು ಬೈಯಲೇಬೇಕು, ಬೈಯಿ. ಆದರೆ ಮೊದಲು ಕೂತುಕೋ. ನಮ್ಮ ಹಠಮಾರಿ ಅಂಟಿಕೊಂಡಿತು ಕಣೇ!

ಹೌದು, ನಾವು ಹಾಗೆ ಹೆಸರಿಟ್ಟಿದ್ದ ಅದೇ ಪ್ರೋಟೀನು. ಬ್ಯಾಕ್ಟೀರಿಯಾದ ಒಳಗಿದ್ದಾಗ ರೈಬೋಸೋಮಿನ ಆರ್‌ಎನ್‌ಎ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು, ನಮ್ಮ ನಳಿಕೆಗೆ ಬಂದರೆ ಮಾತ್ರ ಅದರ ಗುರುತೇ ಇಲ್ಲದಂತೆ ನಟಿಸುವುದು.

ಆದದ್ದು ನನ್ನ ಬಾಯಿಂದಲೇ. ಮೊನ್ನೆ ನಮ್ಮ ಪ್ರಯೋಗಾಲಯದ ಸರ್ ಜೊತೆ ಹರಟುತ್ತ, ಬೇರೊಂದು ಪ್ರೋಟೀನು ಆಗಲೇ ಅಂಟಿಕೊಂಡಿದ್ದ ಆರ್‌ಎನ್‌ಎಗೇ ತಪ್ಪಿ ಹಠಮಾರಿಯನ್ನೂ ಹಾಕಿಬಿಟ್ಟೆ. ಚೆಲ್ಲಲು ಮನಸ್ಸಾಗದೆ ಜೆಲ್‌ನಲ್ಲಿ ಓಡಿಸಿ ನೋಡಿದೆ. ಭಾರ ಹೊತ್ತ ಆರ್‌ಎನ್‌ಎ ನಿಧಾನವಾಗಿ ತಾನೇ ಓಡುವುದು? ಜೆಲ್‌ನಲ್ಲಿ ಅದರ ಪಟ್ಟೆ ಎಂದಿಗಿಂತ ಒಂದು ಬೆರಳು ಮೇಲೆಯೇ ನಿಂತಿತ್ತು, ಅಂದರೆ ಹಠಮಾರಿಯೂ ಅಂಟಿಕೊಂಡಿತ್ತು! ಆ ಬೇರೊಂದು ಪ್ರೋಟೀನು ಮೊದಲು ಬಂದು ಎಳೆಯನ್ನು ಬಗ್ಗಿಸಿಕೊಟ್ಟರೆ ಮಾತ್ರ ನಮ್ಮ ಮಹಾರಾಣಿಗೆ ಕೂರಲು ಜಾಗ. ಇಷ್ಟೇ ವಿಷಯ.

ಆಮೇಲೆ ಫ್ರೀಜರಿನ ಕೆಳಗಿನ ಡ್ರಾಯರು ಎಳೆದೆ. ನಿನ್ನ ಕೈಬರಹದ ಚೀಟಿಯಿದ್ದ ಕೊನೆಯ ನಳಿಕೆ ಅಲ್ಲೇ ಇತ್ತು. ಬರಿಗೈ ತಾಗಿ ಆರ್‌ಎನ್‌ಎ ಚೂರುಚೂರಾಗಿದೆ ಎಂದು ಸರ್ ಪರೀಕ್ಷಿಸಿಯೂ ನೋಡದೆ ಕೂಗಾಡಿದಾಗ ನೀನು ಕೋಟು ಬಿಚ್ಚಿಟ್ಟು ಹೊರಟೇಹೋದೆಯಲ್ಲ, ಅದೇ ನಳಿಕೆ. ಜೆಲ್‌ನಲ್ಲಿ ಓಡಿಸಿ ನೋಡಿದರೆ ಎಳೆ ಎಲ್ಲೂ ತುಂಡಾಗಿರಲಿಲ್ಲ. ಆ ಜೊತೆಯ ಪ್ರೋಟೀನನ್ನು ಮೊದಲು ಹಾಕಿದೆ, ಆಮೇಲೆ ಹಠಮಾರಿಯನ್ನು. ಅಲ್ಲೂ ಅಂಟಿಕೊಂಡಿತು! ಕುಣಿದಾಡಿ ಸ್ಟೂಲು ಬೀಳಿಸಿದೆ.

ಸರ್ ನಳಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆ ಹುಡುಗಿ ಮಾಡಿದ್ದು ಸರಿಯಾಗೇ ಇತ್ತಲ್ಲಮ್ಮ. ಲೇಖನದಲ್ಲಿ ಅವಳ ಹೆಸರೇ ಮೊದಲು ಬರ್ಲಿ. ವಾಪಸ್ ಬರ್ತಾಳಾ ಕೇಳು," ಎಂದರು.

"ನೀವೇ ಕೇಳಿ ಸರ್, ಬೈದೋರು ನೀವು."

"ಯಾವ ಮುಖ ಇಟ್ಕೊಂಡು ಕೇಳ್ಲಿ?"

ನಿನ್ನ ಮೇಜಿನ ಮೇಲೆ ಪೇರಿಸಿದ್ದ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದ್ದೇನೆ. ಮೇಲಿನ ಕಪಾಟು ಎಟುಕಲು ನೀನು ಹತ್ತುತ್ತಿದ್ದ ಮಣೆಯನ್ನೂ ಹುಡುಕಿಟ್ಟಿದ್ದೇನೆ. ಬಾರೇ, ನೀನಿಲ್ಲದೆ ಈ ಖುಷಿ ಅರ್ಧವೇ.

ಎಲ್ಲಿದ್ದರೂ ನಗುನಗುತ್ತ ಇರು. ನಿನ್ನ ಕೈ ಹಿಡಿದದ್ದೆಲ್ಲ ಹೀಗೇ ಗೆಲ್ಲಲಿ.

ನಿನ್ನ,
ಬಾಯಿಬಡುಕಿ

ತಾ.ಕ.: ಇದು ಮರೆತು ಉಳಿದದ್ದಲ್ಲ, ಹೆದರಿ ಉಳಿಸಿದ್ದು. ನೀನು ಕೈಗವಸು ಹಾಕಿರಲಿಲ್ಲ ಎಂದು ಸರ್‌ಗೆ ಯಾರು ಹೇಳಿದರು ಎಂದು ಅವತ್ತು ನೀನು ಅಳುತ್ತ ಕೇಳಿದೆ. ನಿನ್ನ ಜೊತೆ ಸೇರಿ ನಾನೂ ಅವರನ್ನು ಬೈದೆ. ಹೇಳಿದವಳು ನಾನೇ ಕಣೇ. "ಯಾರ ಕೈ ತಾಗಿದ್ದು?" ಎಂದು ಅವರು ಗದರಿದಾಗ ಹೆದರಿ ನಿನ್ನ ಹೆಸರು ಹೇಳಿಬಿಟ್ಟೆ. ನಿನ್ನ ಕೈಯನ್ನು ನಾನು ನೋಡಿಯೇ ಇರಲಿಲ್ಲ.