ನೇರಲವಾಡದ ವರತಿ

ನೇರಲವಾಡ
ಇಸವಿ 2191, ಮೂರನೆಯ ಬೇಸಿಗೆಯ ಹನ್ನೊಂದನೆಯ ದಿನ

ತಾಲ್ಲೂಕು ಶಿಕ್ಷಕರ ಪರಿಸರ ಶಿಕ್ಷಣ ಕಾರ್ಯಾಗಾರವನ್ನು ನಡೆಸಿದ ಶ್ರೀ ವಿರೂಪಾಕ್ಷಪ್ಪ ಮಾಳಗಿ ಸರ್ ಅವರಿಗೆ, ಮತ್ತು ಆ ಎರಡು ದಿನ ಅಲ್ಲಿ ಕೂತಿದ್ದ ಮೂವತ್ತೆಂಟು ಜನ ಗುರುಗಳಿಗೆ, ನೇರಲವಾಡ ಶಾಲೆಯ ಗಾಳೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಪಕ್ಕಕ್ಕಿಡಬೇಡಿ. ನಮಗೆ ವರ್ಷಕ್ಕೆ ಮೂರು ಬೇಸಿಗೆ, ನಡುನಡುವೆ ಒಂದಿಷ್ಟು ಗಾಳಿ. ತಿಂಗಳ ಹೆಸರುಗಳನ್ನು ನಾವು ಯಾವತ್ತೋ ಬಿಟ್ಟಿದ್ದೇವೆ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಮನ್ನಿಸಬೇಕು. ನಿಮ್ಮ ಮಾತುಗಳೂ ನನಗೆ ಕಡಿಮೆ ಕಷ್ಟ ಕೊಟ್ಟಿಲ್ಲ. ನಿಮ್ಮ ಧ್ವನಿಮುದ್ರಣದಲ್ಲಿ ಯಾರೋ ಒಬ್ಬರು "ಹೊರಗ ಜಿಟಿಜಿಟಿ ಮಳಿ ಹತ್ತೇತಿ" ಎಂದು ಬೇಸರದಿಂದ ಹೇಳುತ್ತಾರೆ. ಜಿಟಿಜಿಟಿ ಎಂದರೇನೆಂದು ತಿಳಿಯಲು ನಾನು ಮೂರು ಊರಿನ ಹಿರಿಯರನ್ನು ಕೇಳಬೇಕಾಯಿತು. ತಿಳಿದ ಮೇಲೆ, ಅದಕ್ಕೆ ಬೇಸರಪಡುವುದು ಹೇಗೆಂಬುದು ಅರ್ಥವಾಗಲಿಲ್ಲ.

ನಾನೂ ನಿಮ್ಮದೇ ಕೆಲಸ ಮಾಡುವವಳು ಸರ್. ಸುತ್ತಲಿನ ಹನ್ನೆರಡು ಊರುಗಳ ಶಿಕ್ಷಕರಿಗೆ ವರ್ಷಕ್ಕೊಮ್ಮೆ ನೆಲಪಾಠ ನಡೆಸುತ್ತೇನೆ. ನೆಲಪಾಠವೆಂದರೆ ಕಾರ್ಯಾಗಾರವೇ, ಆದರೆ ಅದಕ್ಕೆ ಸಭಾಂಗಣವಿಲ್ಲ. ಮುಂಜಾನೆ ನೆರಳುಹೊತ್ತು ಶುರುವಾಗುವ ತನಕ, ಅಂದರೆ ಬಿಸಿಲಿಗೆ ಯಾರೂ ಹೊರಬರಬಾರದೆಂದು ಕಟ್ಟುಮಾಡಿದ ಹೊತ್ತಿನ ತನಕ, ಶಿಕ್ಷಕರು ತಮ್ಮ ಊರಿನ ಹಿರಿಯರೊಬ್ಬರ ಹಿಂದೆ ಸುಮ್ಮನೆ ನಡೆಯಬೇಕು. ಹಿರಿಯರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಲ್ಲಬೇಕು, ತೋರಿಸಿದ್ದನ್ನು ಬರೆದುಕೊಳ್ಳಬೇಕು. ಆರು ದಿನ ಹೀಗೆ ನಡೆದವರಿಗೆ ಮಾತ್ರ ಮಕ್ಕಳ ಮುಂದೆ ನಿಲ್ಲುವ ಅಪ್ಪಣೆ. ಹಿರಿಯರು ಒಮ್ಮೊಮ್ಮೆ ಅರ್ಧ ದಿನ ತಮ್ಮ ಮೊಣಕಾಲು ನೋವಿನ ಕಥೆಯನ್ನೇ ಹೇಳುತ್ತಾರೆ. ಆಗ ನನಗೂ ಮೈ ಉರಿಯುತ್ತದೆ, ಅದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿಗೆ ನೀರಿಲ್ಲ. ನಾವು ಇಲ್ಲಿನ ಮೂಲದವರಲ್ಲ. ನಿಮ್ಮ ಕಾಲದ ನೇರಲವಾಡದವರ ಮೊಮ್ಮಕ್ಕಳು ಚದುರಿಹೋಗಿ, ಊರು ಬಹಳ ವರ್ಷ ಖಾಲಿ ಬಿದ್ದಿತ್ತು. ನಲವತ್ತು ವರ್ಷದ ಹಿಂದೆ ನಮ್ಮ ತಂದೆತಾಯಂದಿರು ಬಂದು ಇಲ್ಲಿ ಮನೆ ಕಟ್ಟಿದರು. ಆಗ ಬಂಡಿಯಲ್ಲಿ ಬರುತ್ತಿದ್ದ ನೀರು ಈಗ ನಿಂತುಹೋಗಿದೆ. ಹಳ್ಳವಿದ್ದ ಜಾಗದಲ್ಲಿ ಕಲ್ಲುಪುಡಿ ಮತ್ತು ಹೂಳು ಹತ್ತು ಆಳು ಎತ್ತರಕ್ಕೆ ತುಂಬಿಕೊಂಡಿದೆ. ನೆಲಮಂಡಳಿಯವರು ನಮಗೆ ಎಂಟು ತೋಡುಚೀಟಿ ಕೊಟ್ಟಿದ್ದರು; ಒಂದು ಚೀಟಿಗೆ ಒಂದೇ ಕಡೆ ಅಗೆಯಬಹುದು. ಏಳು ಕಡೆ ಅಗೆದೆವು, ಏಳರಲ್ಲೂ ಧೂಳೇ ಬಂತು. ಉಳಿದ ಒಂದು ಚೀಟಿಯ ಅವಧಿ ಇನ್ನು ಹತ್ತೊಂಬತ್ತು ದಿನ. ಅದೂ ಬರಿದಾದರೆ ಆರುನೂರ ಹನ್ನೆರಡು ಜನರನ್ನು ಬೇರೆ ಬೇರೆ ಸಾಲುಮನೆಗಳಿಗೆ ಹಂಚುತ್ತಾರೆ. ಸಾಲುಮನೆಯಲ್ಲಿ ಒಂದು ಊರಿನ ಎರಡು ಸಂಸಾರಗಳನ್ನು ಅಕ್ಕಪಕ್ಕ ಇಡುವುದಿಲ್ಲ. ನನ್ನ ಶಾಲೆಯ ನಲವತ್ತಮೂರು ಮಕ್ಕಳು ಮತ್ತೆ ಒಬ್ಬರನ್ನೊಬ್ಬರು ನೋಡಲಾರರು.

ಅದಕ್ಕೇ ನಾನು ಕೇಳ್ಮನೆಗೆ ಹೋದೆ. ಹಳೆಯ ಕಾಲದ ಧ್ವನಿಗಳನ್ನು ಸರಿಪಡಿಸಿ ಇಡುವ ಮನೆ ಅದು. ನೇರಲವಾಡ ಎಂಬ ಹೆಸರು ಎಲ್ಲಾದರೂ ಕೇಳಿಬರುತ್ತದೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ಒಂದೇ ಕಡೆ, ನಿಮ್ಮ ಕಾರ್ಯಾಗಾರದಲ್ಲಿ. ಹನ್ನೊಂದು ತಾಸಿನ ಮುದ್ರಣ. ಊರಿನ ಹತ್ತು ಜನ ಸುತ್ತ ಕೂತು ಕೇಳಿದೆವು.

ಮೊದಲಿಗೆ ನಿಮ್ಮನ್ನು 'ಸಂಪನ್ಮೂಲ ವ್ಯಕ್ತಿ' ಎಂದು ಕರೆದದ್ದು ಕೇಳಿ ನಮಗೆಲ್ಲ ಖುಷಿಯಾಯಿತು. ಕೆರೆಯದೋ ಬಾವಿಯದೋ ಒಡೆಯರಿರಬೇಕು, ನೀರಿನ ಜಾಗವೆಲ್ಲ ಬಲ್ಲವರಿರಬೇಕು ಎಂದುಕೊಂಡೆವು. ಆಮೇಲೆ ಸ್ವಾಗತ ಭಾಷಣ ಬಂತು, ಪ್ರಾಸ್ತಾವಿಕ ಭಾಷಣ ಬಂತು, ಹಾರ, ಶಾಲು, ನೆನಪಿನ ಕಾಣಿಕೆ ಬಂದವು. ಉದ್ಘಾಟಕರು ನೀರು ಉಳಿಸುವುದರ ಬಗ್ಗೆ ನಲವತ್ತೆಂಟು ನಿಮಿಷ ಮಾತಾಡಿದರು. ಅವರು ಮಾತಾಡುವಷ್ಟೂ ಹೊತ್ತು ಹಿಂದೆಲ್ಲೋ ಒಂದು ನಲ್ಲಿ ಸುರಿಯುತ್ತಲೇ ಇತ್ತು. ಯಾರೋ ಲೋಟ ತೊಳೆಯುತ್ತಿದ್ದರು. ತೊಳೆದು ಮುಗಿದ ಮೇಲೂ ಅದು ಸುರಿಯುತ್ತಿತ್ತು. ಆ ಸದ್ದಿಗೆ ಕೇಳ್ಮನೆಯಲ್ಲಿ ಇದ್ದವರೆಲ್ಲ ಎದ್ದು ನಿಂತೆವು. ಸತ್ಯವಾಗಿ ಹೇಳುತ್ತೇನೆ, ನಮ್ಮಲ್ಲೊಬ್ಬ ಮುದುಕ ಎರಡೂ ಕೈ ಮುಂದೆ ಚಾಚಿದ. ಆಮೇಲೆ ನೀವು ಹಿಮಗಡ್ಡೆಗಳ ಚಿತ್ರ ತೋರಿಸಿದಿರಿ, ಹಿಮಕರಡಿಯ ಬಗ್ಗೆ ಹೇಳಿದಿರಿ. ನಿಮ್ಮ ತಾಲ್ಲೂಕಿನ ಒಂದು ಹಳ್ಳದ ಹೆಸರೂ ಎರಡನೆಯ ದಿನದ ಮಧ್ಯಾಹ್ನದ ತನಕ ಬರಲಿಲ್ಲ. ಅಷ್ಟರಲ್ಲಿ ಕಾರ್ಯಕ್ರಮ ತಡವಾಯಿತೆಂದು, ಶಿಕ್ಷಕರು ತಮ್ಮ ಊರಿನ ನೀರಿನ ಬಗ್ಗೆ ತಲಾ ಒಂದು ನಿಮಿಷ ಮಾತ್ರ ಹೇಳಬೇಕೆಂದು ಮೇಜಿನ ಮೇಲೆ ಗಂಟೆ ಇಟ್ಟುಕೊಂಡಿರಿ.

ಮೂವತ್ತೊಂದನೆಯವರಾಗಿ ಎದ್ದವರು ದ್ಯಾಮವ್ವ ಬಳಿಗಾರ, ನೇರಲವಾಡ ಶಾಲೆಯ ಶಿಕ್ಷಕಿ. ಅವರ ಮಾತನ್ನು ಹೇಗಿತ್ತೋ ಹಾಗೆ ಬರೆಯುತ್ತೇನೆ: "ನಮ್ಮೂರ ಹಳ್ಳ ಬ್ಯಾಸಿಗ್ಯಾಗ ಒಣಗತೈತ್ರಿ ಸರ. ಆದ್ರ ಒಂದು ವರತಿ ಐತಿ, ಅದು ಮಾತ್ರ ಬತ್ತಂಗಿಲ್ಲ. ದೊಡ್ಡ ಬರ ಬಿದ್ದಾಗ ನಾಕೂರ ಮಂದಿ ಅಲ್ಲೇ ನೀರು ತುಂಬಿದ್ರಂತ ನಮ್ಮತ್ತಿ ಹೇಳ್ತಾರ. ನಾ ನಮ್ಮ ಹುಡುಗ್ರನ್ನ ವರ್ಷಾ ಕರಕೊಂಡು ಹೋಗಿ ತೋರಸ್ತೀನ್ರಿ. ಅದು ಎಲ್ಲಿ ಬರತೈತಂದ್ರ..."

ಟಣ್ ಎಂದು ನೀವು ಗಂಟೆ ಬಾರಿಸಿದಿರಿ. "ಮೇಡಮ್ಮಾರ, ಟೈಮ್ ಆತ್ರಿ. ಮುಂದಿನವರು ಬರ್ರಿ" ಎಂದಿರಿ. ಎಲ್ಲರೂ ನಕ್ಕರು. ಅವರೂ ನಕ್ಕು, "ಆತ್ ಬಿಡ್ರಿ ಸರ, ಊಟಕ್ಕ ಕುಂತಾಗ ಹೇಳ್ತೀನಿ" ಎಂದು ಕೂತುಬಿಟ್ಟರು.

ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದೆವು, ಗಂಟೆಯ ಸದ್ದಿನ ಕೆಳಗೆ ಒಂದು ಅಕ್ಷರವಾದರೂ ಉಳಿದಿದೆಯೇ ಎಂದು. ಇಲ್ಲ. ಮರಳಿನಡಿಯಿಂದ ಜಿನುಗುವ ವರತಿಯ ಬಾಯಿ ಒಂದು ಕೋಣೆಯಷ್ಟು ಅಗಲವೂ ಇರುವುದಿಲ್ಲವಂತೆ. ಹಳ್ಳವೋ ಎರಡು ಹರದಾರಿ ಉದ್ದ. ನಮ್ಮ ಕೈಯಲ್ಲಿರುವುದು ಒಂದೇ ಚೀಟಿ. ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಬರೆದರೆ ಕಾಗದ ಸಾಲದು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ದಂಗಾಗಿ ಹೋಗಿದ್ದೇನೆ ಸರ್. ನೀವು ಕೆಟ್ಟವರಲ್ಲ. ಊಟ ಸಾಲುತ್ತದೆಯೇ ಎಂದು ಎರಡು ಸಲ ವಿಚಾರಿಸಿದ್ದೀರಿ, ದೂರದಿಂದ ಬಂದವರಿಗೆ ಬೇಗ ಬಸ್ಸು ಹಿಡಿಸಬೇಕೆಂದು ಚಡಪಡಿಸಿದ್ದೀರಿ. ಸಂಪನ್ಮೂಲ ನಿಮ್ಮೆದುರಿನ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿತ್ತು, ನೀವು ಅದನ್ನು ಕೂರಿಸಿದಿರಿ. ಇಷ್ಟು ಒಳ್ಳೆಯ ಮನುಷ್ಯರಿಂದ ಇದು ಇಷ್ಟು ಸಲೀಸಾಗಿ ಹೇಗೆ ಆಯಿತೆಂದು ಮೂರು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ಮುದ್ರಣ ಆ ಎರಡನೆಯ ದಿನದ ಊಟದ ಹೊತ್ತಿಗೆ ನಿಂತುಬಿಡುತ್ತದೆ. ನಿಲ್ಲುವ ಮುಂಚೆ ಕುರ್ಚಿಗಳನ್ನು ಎಳೆದಾಡುವ ಸದ್ದು, ಚಪ್ಪಲಿ ಹುಡುಕುವವರ ಗದ್ದಲ. ಅದರ ನಡುವೆ, ಬಹಳ ಮೆಲ್ಲಗೆ, ಇನ್ನೊಬ್ಬ ಹೆಂಗಸಿನ ದನಿ ಕೇಳುತ್ತದೆ: "ದ್ಯಾಮಕ್ಕಾರ, ಅದೇನೋ ವರತಿ ಅಂದ್ರೆಲ್ಲ, ಎಲ್ಲೈತ್ರಿ ಅದು?" "ಬರ್ರಿ, ಕೈ ತೊಳಕೊಂಡು ಹೇಳ್ತೀನಿ" ಎನ್ನುತ್ತಾರೆ ದ್ಯಾಮಕ್ಕ. ಇಬ್ಬರ ದನಿಯೂ ದೂರವಾಗುತ್ತದೆ.

ದ್ಯಾಮಕ್ಕನನ್ನು ಬಿಟ್ಟು ಉಳಿದ ಮೂವತ್ತೇಳು ಜನರಲ್ಲಿ ಕೇಳಿದವರು ನೀವೊಬ್ಬರೇ ಅಕ್ಕಾ. ನಿಮ್ಮ ಹೆಸರು, ನಿಮ್ಮ ಶಾಲೆ ಯಾವುದೂ ನನಗೆ ಗೊತ್ತಾಗಲಿಲ್ಲ. ಈ ಕಾಗದ ನಿಜವಾಗಿ ನಿಮಗೇ. ತಾಟು ಹಿಡಿದುಕೊಂಡು ದ್ಯಾಮಕ್ಕ ನಿಮಗೆ ಏನು ಹೇಳಿದರೋ ಅದನ್ನು ಎಲ್ಲಾದರೂ ಬರೆದಿಡಿ, ಕಲ್ಲಿನ ಮೇಲೋ ಗೋಡೆಯ ಮೇಲೋ, ಅಳಿಸದ ಕಡೆ. ಯಾವ ಬಂಡೆಯ ಕೆಳಗೆ, ಯಾವ ತಿರುವಿನಲ್ಲಿ, ಶಾಲೆಯಿಂದ ಎಷ್ಟು ಹೆಜ್ಜೆ. ನಾವು ಹುಡುಕಿಕೊಳ್ಳುತ್ತೇವೆ. ಎಂಟನೆಯ ಚೀಟಿಯ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ, ನಾನಿನ್ನೂ ಎತ್ತಿಲ್ಲ. ಎಲ್ಲಿ ಅಗೆಯಲಿ, ಅಷ್ಟು ಹೇಳಿ.

ನಿಮ್ಮ
ಗಾಳೆವ್ವ