ನನ್ನ ಹೆಸರಿನಲ್ಲಿರುವ ನಾಲ್ಕು ಕ್ರೆಡಿಟ್ ಹಿಂದಕ್ಕೆ ಪಡೆಯಿರಿ

ಹಳೆಯ ಕಾಲೇಜುಗಳ ಕ್ರೆಡಿಟ್‌ಗಳನ್ನು ತೂಗಿ ನೋಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನಗೆ ಬರುವ ವಿದ್ಯೆಯನ್ನು ತಾವು ತಿರಸ್ಕರಿಸಿದ್ದೀರಿ, ಬಾರದ ವಿದ್ಯೆಯನ್ನು ಅಂಗೀಕರಿಸಿದ್ದೀರಿ. ಇದೇ ನನ್ನ ದೂರು. ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ಚಿಕ್ಕದಾಗಿ ಬರೆದರೆ ‘ವಿವರ ಸಾಲದು’ ಎಂದೂ, ಉದ್ದವಾಗಿ ಬರೆದರೆ ‘ವಿವರ ಅನಗತ್ಯ’ ಎಂದೂ ತಮ್ಮ ಕಚೇರಿಯಿಂದ ಅರ್ಜಿ ವಾಪಸು ಬರುವುದನ್ನು ಎರಡೆರಡು ಸಲ ಅನುಭವಿಸಿದ್ದೇನೆ. ಅದಕ್ಕೇ ಈ ಸಲ ಪತ್ರಿಕೆಯ ಮೂಲಕ ಬಂದಿದ್ದೇನೆ. ಇಲ್ಲಿಂದ ವಾಪಸು ಕಳಿಸುವುದು ತಮಗೂ ಸ್ವಲ್ಪ ಕಷ್ಟ.

ನಾನು ಪಂಪು ರಿಪೇರಿ ಮಾಡುವ ವರ್ಕ್‌ಶಾಪೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ, ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿರುವವನು. ಎಂಟು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಒಂದು ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪದವಿಗೆ ಸೇರಿದೆವು. ಅವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವಳು, ನಾನು ವರ್ಕ್‌ಶಾಪಿನಿಂದ. ಎರಡು ವರ್ಷ ಓದುವಷ್ಟರಲ್ಲಿ ಅವಳಿಗೆ ಕಾಯಿಲೆ ಶುರುವಾಯಿತು. ಇಬ್ಬರೂ ಬಿಟ್ಟೆವು. ಆಮೇಲೆ ಕಾಲೇಜೂ ಮುಚ್ಚಿಹೋಯಿತು. ಹೋದ ವರ್ಷ ಅವಳು ತೀರಿಕೊಂಡಳು. ಈ ವರ್ಷ ನಾನು, ತಲೆ ನರೆತ ಮೇಲೆ ಬುದ್ಧಿ ಬಂದವನಂತೆ, ಉಳಿದ ಎರಡು ವರ್ಷ ಮುಗಿಸೋಣವೆಂದು ತಮ್ಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ.

ತಮ್ಮ ಉತ್ತರ ಬಂತು. ಉಳಿದ ವಿಷಯಗಳ ಬಗ್ಗೆ ನನ್ನ ತಕರಾರಿಲ್ಲ. ‘ಕಾರ್ಯಾಗಾರ ಅಭ್ಯಾಸ’ದ ಮೂರು ಕ್ರೆಡಿಟ್ ಮಾತ್ರ ತಿರಸ್ಕೃತ. ಯಾಕೆಂದು ಕೇಳಲು ತಮ್ಮ ಕಚೇರಿಗೆ ಹೋದೆ. ಗುಮಾಸ್ತರು ಕಡತ ತೆರೆದು ಬೆರಳಿಟ್ಟು ತೋರಿಸಿದರು.

“ನಮ್ಮಲ್ಲಿ ನಲವತ್ತೈದು ಗಂಟೆ ಸ್ವಾಮಿ. ನಿಮ್ಮ ಹಳೇ ಕಾಲೇಜಲ್ಲಿ ನಲವತ್ತೇ. ಐದು ಗಂಟೆ ಕಮ್ಮಿ ಬೀಳುತ್ತೆ.”

“ನಾನು ಲೇತ್ ಮುಂದೆ ಹತ್ತೊಂಬತ್ತು ವರ್ಷ ನಿಂತಿದೀನಿ.”

“ಅದು ಕೆಲಸ. ಇದು ಅಭ್ಯಾಸ. ಬೇರೆ ಬೇರೆ.”

ನಾನು ತಲೆಯಾಡಿಸಿ ಹೊರಬಂದೆ. ನಮ್ಮ ಮೇಸ್ತ್ರಿಗೆ ಹೇಳಿದೆ. ಅವರು ಯಂತ್ರ ನಿಲ್ಲಿಸಿ ನಗತೊಡಗಿದರು. “ಅಲ್ಲಯ್ಯ, ಹತ್ತೊಂಬತ್ತು ವರ್ಷದಿಂದ ನಿನಗೆ ಅಭ್ಯಾಸವೇ ಇಲ್ದೆ ಸಂಬಳ ಕೊಡಿಸ್ತಿದೀನಾ? ನಾಳೆ ಮಾಲೀಕರಿಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಓಡಿಸ್ತಾರೆ!” ಆ ಐದು ಗಂಟೆಯಲ್ಲಿ ಕಲಿಸುವ ವಿದ್ಯೆ ಯಾವುದಿರಬಹುದೆಂದು ಈಗಲೂ ಯೋಚಿಸುತ್ತೇನೆ. ಬಹುಶಃ ಅದನ್ನು ತಿಳಿಯದ ಕಾರಣಕ್ಕೇ ನಾನು ಇನ್ನೂ ಅಲ್ಲೇ ನಿಂತಿರುವುದು.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಕಷ್ಟವಿರುವುದು ತಾವು ಮಾಡಿದ ಉಪಕಾರದಲ್ಲಿ. ‘ಯಂತ್ರ ರೇಖಾಚಿತ್ರ’, ನಾಲ್ಕು ಕ್ರೆಡಿಟ್, ಅಂಕ ಎಪ್ಪತ್ತೆಂಟು: ಪೂರ್ಣವಾಗಿ ಅಂಗೀಕೃತ. ಅದರ ಎದುರಿಗೆ ‘ಉತ್ತಮ’ ಎಂಬ ಷರಾ ಬೇರೆ.

ಮಾನ್ಯರೇ, ನನಗೆ ಡ್ರಾಯಿಂಗ್ ಬರುವುದಿಲ್ಲ.

ಸಂಜೆ ಕಾಲೇಜಿನಲ್ಲಿ ಆ ವಿಷಯಕ್ಕೆ ಪರೀಕ್ಷೆಯಿರಲಿಲ್ಲ. ಮನೆಯಲ್ಲಿ ಬರೆದು ತಂದ ಇಪ್ಪತ್ತನಾಲ್ಕು ಹಾಳೆಗಳಿಗೇ ಅಂಕ. ನಾನು ಎಷ್ಟು ಸೋಪು ಹಚ್ಚಿ ಉಜ್ಜಿದರೂ ಹಾಳೆಯ ಮೇಲೆ ಗ್ರೀಸಿನ ಹೆಬ್ಬೆಟ್ಟು ಬೀಳುತ್ತಿತ್ತು. ಮೊದಲ ಹಾಳೆ ನೋಡಿದ ಮೇಷ್ಟ್ರು, “ಏನ್ರೀ ಇದು? ಡ್ರಾಯಿಂಗ್ ಕೇಳಿದ್ರೆ ಪೊಲೀಸರಿಗೆ ಬೆರಳಚ್ಚು ಕೊಟ್ಟ ಹಾಗೆ ಕೊಟ್ಟಿದೀರಿ!” ಎಂದರು. ತರಗತಿಯೆಲ್ಲ ನಕ್ಕಿತು. ಆ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ತನ್ನ ಹಾಳೆ ಮುಗಿಸಿ, ಹಲಗೆಯ ಮೇಲೆ ನನ್ನದನ್ನೂ ಅಂಟಿಸಿದಳು.

“ನಿಮ್ಮದ್ರಲ್ಲಿ ಬೇಕಂತಲೇ ಒಂದು ತಪ್ಪು ಬಿಡ್ತೀನಿ ಕಣ್ರೀ. ಇಲ್ಲಾಂದ್ರೆ ಮೇಷ್ಟ್ರಿಗೆ ಗೊತ್ತಾಗತ್ತೆ.”

“ಒಂದು ಸಾಕಾ?”

“ನಿಮ್ಮ ಮುಖ ನೋಡಿದ್ರೆ ಮೂರಾದ್ರೂ ಬೇಕು. ಆದ್ರೆ ನನ್ನ ಕೈಗೆ ಅಷ್ಟು ತಪ್ಪು ಬರಲ್ವಲ್ಲ!”

ಹೀಗೆ ಇಪ್ಪತ್ತಮೂರು ಹಾಳೆ. ಒಂದರಲ್ಲಿ ಅಳತೆಯ ಬಾಣದ ಗುರುತು ಹಾಕದೆ ಬಿಟ್ಟಳು, ಇನ್ನೊಂದರಲ್ಲಿ ಚುಕ್ಕೆಗೆರೆ ಇರಬೇಕಾದಲ್ಲಿ ಗಟ್ಟಿ ಗೆರೆ ಎಳೆದಳು. ನನ್ನ ಪಾಲಿನ ಶ್ರಮವೆಂದರೆ ಪಕ್ಕದಲ್ಲಿ ಕುಳಿತು ಟೀ ಆರದಂತೆ ನೋಡಿಕೊಂಡದ್ದು. ತಮ್ಮ ಸಮಿತಿ ಅದಕ್ಕೆ ಕ್ರೆಡಿಟ್ ಕೊಟ್ಟಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ.

ವರ್ಷದ ಕೊನೆಗೆ ಮೇಷ್ಟ್ರು ಅಂಕ ಓದಿದರು. ನನಗೆ ಎಪ್ಪತ್ತೆಂಟು, ಅವಳಿಗೆ ಅರವತ್ತೊಂದು. ಎರಡೂ ಒಂದೇ ಕೈಯ ಗೆರೆ ಎಂಬುದನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ಯಾರ ಕೈ ಎಂಬುದರಲ್ಲಿ ಮಾತ್ರ ಎಡವಿದ್ದರು. “ಯಜಮಾನರದ್ದನ್ನ ನೋಡಿ ಎಳೆಯೋದು ಬಿಟ್ಟುಬಿಡಮ್ಮ. ಅವರು ವರ್ಕ್‌ಶಾಪಿನವರು, ಅವರಿಗೆ ಬರುತ್ತೆ,” ಎಂದರು, ಎಲ್ಲರೆದುರಿಗೆ. ನಾನು ಎದ್ದು ನಿಂತು ನಿಜ ಹೇಳಬಹುದಿತ್ತು. ಬೆಂಚಿಗೆ ಅಂಟಿಸಿದ ಹಾಗೆ ಕೂತಿದ್ದೆ.

ಹೊರಗೆ ಬಂದ ಮೇಲೆ ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. “ನಿಮ್ಮಿಂದ ಕಾಪಿ ಹೊಡೆದವಳು ಅನ್ನಿಸ್ಕೊಂಡ್ನಲ್ರೀ! ಇದಕ್ಕಿಂತ ಅವಮಾನ ಇದೆಯೇನ್ರೀ?” ನಾನೂ ನಕ್ಕೆ. ಮನೆಗೆ ಹೋದ ಮೇಲೆ ಅವಳು ಪೆನ್ಸಿಲ್ ಚೂಪು ಮಾಡುತ್ತ ಕೂತಳು. ಅಗತ್ಯವಿದ್ದದ್ದಕ್ಕಿಂತ ಹೆಚ್ಚು ಹೊತ್ತು ಚೂಪು ಮಾಡಿದಳು. ನಾನು ದಿನಚರಿ ಬರೆಯುವವನು. ಆ ದಿನದ ಪುಟ ತೆಗೆದು ನೋಡಿದೆ. ‘ಡ್ರಾಯಿಂಗ್ ೭೮. ಸಂತೋಷ’ ಎಂದಿದೆ. ಅಷ್ಟೇ ಇದೆ.

ತಮ್ಮ ಪತ್ರ ಬಂದ ವಾರವೇ ಮೂರನೆಯ ವರ್ಷದ ಯಂತ್ರ ವಿನ್ಯಾಸದ ಪುಸ್ತಕ ಕೊಂಡು ತಂದೆ. ಎರಡನೆಯ ಪುಟದ ಚಿತ್ರ ಮೇಲೋ ಕೆಳಗೋ ತಿಳಿಯದೆ ಪುಸ್ತಕವನ್ನೇ ಸುತ್ತ ತಿರುಗಿಸಿದೆ. ಲೇತ್‌ನವನಿಗೆ ತಿರುಗಿಸುವುದೊಂದೇ ಗೊತ್ತು. ಲೋಹ ಕೈಯಲ್ಲಿದ್ದರೆ ಕಣ್ಣು ಮುಚ್ಚಿ ಅಳತೆ ಹೇಳುತ್ತೇನೆ, ಕಾಗದದ ಮೇಲಿದ್ದರೆ ಕುರುಡ. ಇಷ್ಟು ವರ್ಷ ನನ್ನ ಕಣ್ಣಾಗಿದ್ದವಳು ಯಾರೆಂದು ತಮಗೀಗ ಗೊತ್ತು.

ಈ ಪತ್ರವನ್ನು ನನ್ನ ನಾದಿನಿಗೆ ತೋರಿಸಿದೆ. “ಭಾವ, ತಲೆ ನೆಟ್ಟಗಿದೆಯಾ ನಿಮಗೆ? ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ಸೀಟೇ ಹೋದ್ರೆ?” ಎಂದಳು. ಆಮೇಲೆ ಮೇಷ್ಟ್ರ ಮಾತು ಬಂದ ಕಡೆ ಬೆರಳಿಟ್ಟು, “ಇದು ನಮಗ್ಯಾರಿಗೂ ಅಕ್ಕ ಹೇಳಿರ್ಲಿಲ್ಲ,” ಎಂದಳು. ಹಾಳೆಗಳನ್ನು ಮಡಿಸಿ ನನ್ನ ಕೈಗಿಟ್ಟು, “ಕಳಿಸಿ,” ಎಂದಳು.

ನನ್ನ ಬೇಡಿಕೆ ಹೀಗಿದೆ. ಕಾರ್ಯಾಗಾರದ ವಿಷಯದಲ್ಲಿ, ತಮ್ಮ ಸಮಿತಿಯಿಂದ ಒಬ್ಬರು ಬಂದು ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿ ಪರೀಕ್ಷಿಸಲಿ. ಐದು ಗಂಟೆಯೇ ನಿಲ್ಲಿಸಲಿ. ಡ್ರಾಯಿಂಗಿನ ನಾಲ್ಕು ಕ್ರೆಡಿಟ್‌ಗಳನ್ನು ರದ್ದುಪಡಿಸಿ, ಮೊದಲ ವರ್ಷದ ತರಗತಿಯಲ್ಲಿ, ನನ್ನ ಅರ್ಧಕ್ಕಿಂತ ಕಡಿಮೆ ವಯಸ್ಸಿನವರ ನಡುವೆ, ನನಗೊಂದು ಬೆಂಚು ಕೊಡಿ. ಇದರಿಂದ ಪದವಿ ಒಂದು ವರ್ಷ ತಡವಾದರೆ ಆಗಲಿ. ಮೋಸ ಮಾಡಿದವನಿಗೆ ಸೀಟೇ ಇಲ್ಲ ಎಂದು ನಿಯಮವಿದ್ದರೆ ಅದನ್ನೂ ತಿಳಿಸಿ. ಆ ಪತ್ರವನ್ನು ವಾಪಸು ಕಳಿಸುವುದಿಲ್ಲ.

ಆ ನಾಲ್ಕು ಕ್ರೆಡಿಟ್ ಅವಳವು. ತೀರಿಹೋದವರ ಹೆಸರಿಗೆ ವರ್ಗಾಯಿಸಲು ತಮ್ಮ ನಮೂನೆಯಲ್ಲಿ ಅಂಕಣವಿಲ್ಲವೆಂದು ಬಲ್ಲೆ. ನನ್ನ ಹೆಸರಿನಿಂದ ತೆಗೆದರೆ ಸಾಕು.

ಇಂತಿ,
ಮೂರನೆಯ ವರ್ಷಕ್ಕೆ ಆಯ್ಕೆಯಾಗಿ, ಮೊದಲನೆಯ ವರ್ಷವನ್ನು ಬೇಡುತ್ತಿರುವ,
ಯಜಮಾನನೆಂಬ ಕಾರಣಕ್ಕೆ ಎಪ್ಪತ್ತೆಂಟು ಅಂಕ ಪಡೆದ ಒಬ್ಬ ಲೇತ್ ಕೆಲಸಗಾರ