ಎರಡು ವರ್ಷದ ಪ್ಯಾಕೇಜು

ಮೇ 3, ಬೆಳಿಗ್ಗೆ 6:50

ನೆಟ್ ಮತ್ತೆ ಹೋಗಿದೆ. ನಿನ್ನೆ ಮೂರು ಸಲ ಸ್ಪೀಡ್ ಅಳೆದೆ. ಕೊಡುತ್ತೇವೆ ಎಂದದ್ದು ನೂರು, ಬಂದದ್ದು ಮೂವತ್ತೆಂಟು. ತರಕಾರಿಯವನು ಹೀಗೆ ತೂಗಿದ್ದರೆ ತಕ್ಕಡಿ ಜಪ್ತಿ ಮಾಡಿ ಬರುತ್ತಿದ್ದೆ. ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ. ಮನೆಯಲ್ಲೇ ನನಗೆ ಟೋಪಿ.

ಟಿವಿಗೆ ಒಬ್ಬ, ನೆಟ್‌ಗೆ ಇನ್ನೊಬ್ಬ, ಫೋನಿಗೆ ಮತ್ತೊಬ್ಬ. ಮೂವರೂ ಕಳ್ಳರು. ಮೂರನ್ನೂ ಒಂದೇ ಪ್ಯಾಕೇಜಿಗೆ ತರಬೇಕು.

ಮಗಳಿಗೆ ಹೇಳಿದೆ. ಪುಸ್ತಕದಿಂದ ತಲೆ ಎತ್ತಲಿಲ್ಲ. “ಪರೀಕ್ಷೆ ಮುಗಿಯೋವರೆಗೂ ಏನೂ ಬದಲಾಯಿಸ್ಬೇಡಿ ಅಪ್ಪ, ಪ್ಲೀಸ್.”

ಪರೀಕ್ಷೆ ಮುಗಿಯುವುದು ಹತ್ತೊಂಬತ್ತಕ್ಕೆ. ಅದೇ ದಿನಕ್ಕೆ ಅವಳಮ್ಮನೂ ಕಾಯುತ್ತಿದ್ದಾಳೆ. ಫೆಬ್ರವರಿಯಲ್ಲೇ ಹೇಳಿಬಿಟ್ಟಳು, ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಾ. “ಇವಳ ಪರೀಕ್ಷೆ ಮುಗೀಲಿ. ಆಮೇಲೆ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ.” ಯಾಕೆ ಎಂದರೆ — “ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ನಿಮ್ಮ ತಕ್ಕಡೀಲಿ ಒಂದ್ಸಲನೂ ನಾನು ಸರಿ ತೂಗ್ಲಿಲ್ಲ.”

ಎಣ್ಣೆ ಎಷ್ಟು ಖರ್ಚಾಯಿತು ಎಂದು ಕೇಳುವುದೂ ತಪ್ಪೇ? ಗೀಸರ್ ಎಷ್ಟು ನಿಮಿಷ ಓಡಿತು ಎಂದು ಬರೆದಿಡುವುದೂ? ಮನೆ ಎಂದಮೇಲೆ ಲೆಕ್ಕ ಇರಬೇಡವೇ... ಹೋಗಲಿ. ಡ್ಯೂಟಿಗೆ ಹೊತ್ತಾಯಿತು.

ಮೇ 6, ಮಧ್ಯಾಹ್ನ

ಫೋನ್ ಕಂಪನಿಯ ಏಜೆಂಟ್ ಬಂದಿದ್ದ. ಟೈ ಕಟ್ಟಿಕೊಂಡು, ಕಾಲಿಗೆ ಚಪ್ಪಲಿ. ಬಾಯಿ ತೆರೆದರೆ ಬೆಣ್ಣೆ.

“ತ್ರೀ-ಇನ್-ಒನ್ ಸರ್. ಟಿವಿ, ನೆಟ್, ಫೋನ್. ಅದರ ಮೇಲೆ ಮನೆಯವರ ನಾಲ್ಕು ಮೊಬೈಲ್ ನಂಬರ್ ಸೇರಿಸ್ಕೋಬಹುದು.”

“ಸ್ಪೀಡ್ ಎಷ್ಟು?”

“ಇನ್ನೂರರವರೆಗೆ ಸರ್.”

“‘ವರೆಗೆ’ ಅಂದ್ರೆ? ಒಂದು ಕೊಟ್ರೂ ಇನ್ನೂರರ ಒಳಗೇ ತಾನೆ?”

ಬೆವರಿದ. ಸ್ವಲ್ಪ ಸಂತೋಷವಾಯಿತು.

ಅತಿ ಅಗ್ಗದ್ದು ಎರಡು ವರ್ಷದ ಕರಾರು. ನಡುವೆ ಬಿಟ್ಟರೆ ದಂಡ. ಅದನ್ನು ಮೂಗು ಒರೆಸಿಕೊಳ್ಳುತ್ತಾ ಹೇಳಿದ, ಕೇಳಿಸದ ಹಾಗೆ. ನನಗೆ ಕೇಳಿಸಿತು. ಇನ್ನೊಂದೂ ಕೇಳಿಸಿತು — ಹಳೇ ಗ್ರಾಹಕರ ರಿಯಾಯಿತಿ ಸಿಗುವುದು ನಮ್ಮ ಲ್ಯಾಂಡ್‌ಲೈನ್ ಯಾರ ಹೆಸರಲ್ಲಿದೆಯೋ ಅವರು ಸಹಿ ಹಾಕಿದರೆ ಮಾತ್ರ. ಲ್ಯಾಂಡ್‌ಲೈನ್ ಹೆಂಡತಿಯ ಹೆಸರಲ್ಲಿದೆ.

ಎರಡು ವರ್ಷ. ಅವಳ ಸಹಿ. ಅವಳ ಹೆಸರಿಗೆ ದಂಡ.

ಸುಮ್ಮನೆ ದುಡ್ಡು ಬಿಸಾಡುವವಳಲ್ಲ. ಸಹಿ ಬಿದ್ದರೆ ಎಲ್ಲಿಗೂ ಹೋಗುವುದಿಲ್ಲ. ಕಟ್ಟಿಹಾಕುವುದು ಎನ್ನಲಿ ಬೇಕಾದರೆ. ಇರಬೇಕು, ಅಷ್ಟೇ.

ಮೇ 7, ಸಂಜೆ 5:30

ಬೇರೆ ಎರಡು ಕಂಪನಿಗಳನ್ನೂ ನೋಡಿದೆ, ಯಾರೂ ಬೆರಳು ತೋರಿಸಬಾರದೆಂದು. ಒಂದರಲ್ಲಿ ಮುನ್ನೂರು ಚಾನೆಲ್, ಮುಕ್ಕಾಲುಪಾಲು ಸರ ಬಳೆ ಮಾರುವವರದ್ದು. ಇನ್ನೊಂದಕ್ಕೆ ಫೋನ್ ಮಾಡಿದರೆ ಇಪ್ಪತ್ತೆರಡು ನಿಮಿಷ ಸಂಗೀತ. ಸ್ಟಾಪ್‌ವಾಚ್ ಇಟ್ಟಿದ್ದೆ. ಕೊನೆಗೆ ಒಬ್ಬಳು ಬಂದು “ನಿಮ್ಮ ಸಮಯ ನಮಗೆ ಅಮೂಲ್ಯ ಸರ್” ಎಂದಳು. ಬಾಯಿಗೆ ಬಂದದ್ದು ಅಂದೆ. ಅತ್ತಳೋ ಏನೋ.

ಏಜೆಂಟನದೇ ಸರಿ.

ಮೇ 9, ಬೆಳಿಗ್ಗೆ

ಅರ್ಜಿ ಮೂರು ಪುಟ. ಎರಡು ವರ್ಷ, ದಂಡ, ಎಲ್ಲಾ ಎರಡನೇ ಪುಟದಲ್ಲಿ. ಪಿನ್ ಬಿಚ್ಚಿ ಆ ಪುಟವನ್ನು ಆಫೀಸ್ ಬ್ಯಾಗಿನಲ್ಲಿ ಇಟ್ಟೆ. ಉಳಿದೆರಡನ್ನು ಅವಳ ಕಾಫಿ ಲೋಟದ ಪಕ್ಕ.

ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ದಿನವಿಡೀ ಇರುವೆ ಸಾಲಿನಂಥ ಅಕ್ಷರ ಓದುವವಳು. ಅದನ್ನು ಮರೆತೇಬಿಟ್ಟಿದ್ದೆ.

“ಎರಡನೇ ಪುಟ ಎಲ್ಲಿ?”

“ಇರೋದೇ ಅಷ್ಟು.”

“ಒಂದು ಆದ್ಮೇಲೆ ಮೂರಾ?”

ಪುಟದ ಕೆಳಗೆ ನಂಬರ್ ಹಾಕಿದ್ದಾರೆ ಹಾಳಾದವರು. “ಪ್ರಿಂಟಿಂಗ್ ತಪ್ಪು” ಎಂದೆ. ಅವಳು ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡಳು. ಅದೇ ಭಯ.

ಮೇ 17

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿದೆ.

ಏಜೆಂಟನಿಗೆ ಅವಳೇ ಫೋನ್ ಮಾಡಿದ್ದಾಳೆ. ಅವನು ಮೂರೂ ಪುಟ ತಂದು ಔಷಧಿ ಅಂಗಡಿಗೇ ಕೊಟ್ಟು ಹೋಗಿದ್ದಾನೆ, ಕೊಳಕ. ಹತ್ತನೇ ತಾರೀಕು ಊಟಕ್ಕೆ ಕೂತಾಗ ಎರಡನೇ ಪುಟ ನನ್ನ ತಟ್ಟೆಯ ಪಕ್ಕದಲ್ಲಿತ್ತು.

“ತಕ್ಕಡಿ ತಟ್ಟೆ ಕೆಳಗೆ ಅಯಸ್ಕಾಂತ ಅಂಟಿಸಿದವ್ರನ್ನ ಹಿಡಿದು ದಂಡ ಹಾಕ್ತೀರಲ್ಲ. ನಿಮಗೆ ಯಾರು ಹಾಕ್ಬೇಕು?”

ಕಿರುಚಿದೆ. ರಿಮೋಟ್ ಎತ್ತಿ ಗೋಡೆಗೆ ಬೀಸಿದೆ. ಅವಳ ಅಕ್ಕನನ್ನು ಮಾತಿಗೆ ಎಳೆದು ತಂದೆ, ಅವಳ ಸಂಬಳವನ್ನು ಎಳೆದು ತಂದೆ. “ಹೋಗೋದಾದ್ರೆ ಇವತ್ತೇ ಹೋಗು” ಎಂದೂ ಅಂದೆ. ಅದನ್ನು ಮಾತ್ರ ಅನ್ನಬಾರದಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪೆನ್ಸಿಲ್. ಯಾವಾಗ ಬಂದಳೋ.

ಅಂದಿನಿಂದ ಮಗಳು ನನ್ನ ಹತ್ತಿರ ಮಾತಾಡಿಲ್ಲ. ರಿಮೋಟಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ವಾಲ್ಯೂಮ್ ಏರುತ್ತದೆ, ಇಳಿಯುವುದಿಲ್ಲ.

ಮೇ 19, ಬೆಳಿಗ್ಗೆ 8:10

ಕೊನೇ ಪೇಪರ್. ಮಗಳು ಹೋದಳು. ಅವಳಮ್ಮ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ: “ಫಾರಂ ತುಂಬಿದೀನಿ. ಸಹಿನೂ ಹಾಕಿದೀನಿ. ಡ್ರಾಯರ್‌ನಲ್ಲಿದೆ.”

ಸಹಿ!

ಸುಮ್ಮನೆ ಹೆದರಿಸಿದ್ದು. ಗೊತ್ತಿತ್ತು ನನಗೆ. ಎಲ್ಲಿಗೆ ಹೋಗುತ್ತಾಳೆ? ಸಂಜೆ ಬಂದು ನಿಧಾನವಾಗಿ ನೋಡುವೆ. ಇವತ್ತು ಮಾರುಕಟ್ಟೆಯಲ್ಲಿ ಒಬ್ಬನನ್ನೂ ಬಿಡುವುದಿಲ್ಲ.

ಅದೇ ದಿನ, ಸಂಜೆ 6:15

ಮನೆಯಲ್ಲಿ ಯಾರೂ ಇಲ್ಲ. ದೊಡ್ಡ ಸೂಟ್‌ಕೇಸ್ ಇಲ್ಲ. ಇಸ್ತ್ರಿ ಪೆಟ್ಟಿಗೆ ಬಿಟ್ಟುಹೋಗಿದ್ದಾಳೆ.

ಸಹಿ ಹಾಕಿದ್ದು ಹೌದು. ಲ್ಯಾಂಡ್‌ಲೈನನ್ನು ನನ್ನ ಹೆಸರಿಗೆ ವರ್ಗಾಯಿಸುವ ಕಾಗದಕ್ಕೆ. ಜೊತೆಗೆ ಬೇರೆ ಪ್ಯಾಕೇಜಿನ ಅರ್ಜಿ. ಚಿಕ್ಕದು. ಕರಾರಿಲ್ಲ, ದಂಡವಿಲ್ಲ, ಬೇಡವಾದ ತಿಂಗಳು ಬಿಡಬಹುದು. ಹಿಂಬದಿಯಲ್ಲಿ ಲೆಕ್ಕ ಹಾಕಿದ್ದಾಳೆ: ನಾನು ನೋಡದ ಚಾನೆಲ್ ತೆಗೆದು, ವಾರ್ತೆ ಉಳಿಸಿ. ಕೆಳಗೆ — “ಒಬ್ಬರಿಗೆ ಇಷ್ಟು ಸ್ಪೀಡ್ ಸಾಕು.”

ತಪ್ಪು ಹುಡುಕಿದೆ. ಎರಡು ಸಲ ಕೂಡಿ ನೋಡಿದೆ. ಒಂದು ಪೈಸೆ ಆಚೀಚೆ ಇಲ್ಲ. ನಾನು ಆರಿಸಿದ್ದಕ್ಕಿಂತ ಇದೇ ಅಗ್ಗ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯಾದರೂ ಹೇಳಬಹುದಿತ್ತು ನಾನು, ನಿನ್ನ ಲೆಕ್ಕ ಸರಿಯಾಗಿದೆ ಎಂದು.

ಕೊನೆಯಲ್ಲಿ ಮನೆಯವರ ಮೊಬೈಲ್ ನಂಬರಿಗೆ ನಾಲ್ಕು ಸಾಲು. ಮೊದಲನೆಯದರಲ್ಲಿ ನನ್ನದು. ಮೂರು, ನಾಲ್ಕಕ್ಕೆ ಸ್ಕೇಲ್ ಇಟ್ಟು ಅಡ್ಡಗೆರೆ. ಎರಡನೆಯದರಲ್ಲಿ ಮಗಳ ನಂಬರ್, ಮಗಳ ಕೈಬರಹದಲ್ಲೇ.

ಪೆನ್ಸಿಲಿನಲ್ಲಿ ಬರೆದಿದ್ದಾಳೆ.

ಫೋನ್ ಕೈಯಲ್ಲಿದೆ. ಮಗಳು ಎತ್ತಿದರೆ ಮೊದಲು ಏನು ಹೇಳಲಿ...